ಜೋಡಿ ಗುಡ್ಡ, ಎರಡು ಸೊನ್ನಿ

ಬೆಳಗ್ಗೆ ಒಂಬತ್ತು ಇಪ್ಪತ್ತಕ್ಕೆ ವಾಚನಾಲಯದ ಕಂಪ್ಯೂಟರ್ ಚಾಲೂ ಆಯಿತು. ಮಾತಾಡಲಿಲ್ಲ.

ಯಶೋಧಾ ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಕಾದಳು. ಮೇಜಿನ ಕೆಳಗಿನ ಡಬ್ಬಿಯಲ್ಲಿ ಫ್ಯಾನು ತಿರುಗುತ್ತಿತ್ತು. ಅದರ ಬೆಚ್ಚನೆಯ ಗಾಳಿ ಎಂದಿನಂತೆ ಮೊಣಕಾಲಿಗೆ ತಾಗುತ್ತಿತ್ತು. ಗುಂಡಿ ಒತ್ತಿದ ಒಂದು ನಿಮಿಷ ಹತ್ತು ಸೆಕೆಂಡಿಗೆ, ಮೂಗು ಕಟ್ಟಿದ ಗಂಡಸಿನಂಥ ದನಿಯೊಂದು ‘ಸ್ಕ್ರೀನ್ ರೀಡರ್ ಆನ್’ ಎನ್ನಬೇಕು. ಎರಡು ವರ್ಷದಿಂದ ಅದು ಒಂದು ದಿನವೂ ತಪ್ಪಿರಲಿಲ್ಲ. ಈವತ್ತು ಮೂರು ನಿಮಿಷ ಕಳೆಯಿತು. ಗೋಡೆಯ ಗಡಿಯಾರದ ಮುಳ್ಳು ಸರಿಯುವುದು ಮಾತ್ರ ಕೇಳುತ್ತಿತ್ತು.

ಹನ್ನೊಂದನೇ ವಯಸ್ಸಿಗೆ ಗೊಬ್ಬರ ಎನ್ನುವ ದಡಾರ ಬಂದು ಅವಳ ಎರಡೂ ಕಣ್ಣು ಹೋಗಿದ್ದವು. ಈಗ ಅವಳಿಗೆ ಮೂವತ್ತೊಂದು. ಪರದೆಯ ಮೇಲೆ ಏನಿದೆಯೋ ಅದನ್ನು ಆ ದನಿ ಓದಿ ಹೇಳುತ್ತದೆ, ಅವಳು ಕೇಳಿ ಕೆಲಸ ಮಾಡುತ್ತಾಳೆ. ಸಂಜೆ ಗ್ರಂಥಪಾಲಕ ಮುತ್ತುರಾಜ ಹೊಸ ಪುಸ್ತಕಗಳ ಮೊದಲ ಪುಟವನ್ನು ಫೋನಿನಲ್ಲಿ ಓದಿ ಇಡುತ್ತಾನೆ; ಬೆಳಗ್ಗೆ ಅವಳು ಅದನ್ನು ಕೇಳುತ್ತ ಹೆಸರು, ಬರೆದವರು, ಪುಟ, ಕಪಾಟಿನ ಸಂಖ್ಯೆ ಎಲ್ಲ ಟೈಪು ಮಾಡುತ್ತಾಳೆ. ಎರಡು ವರ್ಷದಲ್ಲಿ ಒಂಬತ್ತು ಸಾವಿರದ ನಾನೂರು ಪುಸ್ತಕ ಸೇರಿಸಿದ್ದಳು. ಇಯರ್‌ಫೋನ್ ಇಟ್ಟುಕೊಂಡಿರಲಿಲ್ಲ. ಕಿವಿ ಮುಚ್ಚಿಕೊಂಡು ಕೂತರೆ ಬಂದವರು ಯಾರು, ಹೋದವರು ಯಾರು ತಿಳಿಯುವುದಿಲ್ಲ.

ಸ್ಪೀಕರಿನ ತಿರುಗಣಿ ಮುಟ್ಟಿ ನೋಡಿದಳು. ಪೂರ್ತಿ ಮೇಲಿತ್ತು. ಹಿಂದಿನ ವೈರು ಕಿತ್ತು ಮತ್ತೆ ಸಿಕ್ಕಿಸಿದಳು. ಸ್ಪೀಕರು ಗುರ್ ಎಂದು ಒಮ್ಮೆ ಕೆಮ್ಮಿತು. ಅಂದರೆ ಅದಕ್ಕೆ ಜೀವವಿದೆ. ಯಂತ್ರ ಬಂದ್ ಮಾಡಿ ಮತ್ತೆ ಹಚ್ಚಿದಳು. ಫೋನಿನ ಕ್ಯಾಮೆರಾ ಪರದೆಗೆ ಹಿಡಿದರೆ ಫೋನು ‘ಪಠ್ಯ ಕಂಡುಬಂದಿಲ್ಲ’ ಎಂದಿತು. ಹೊಳಪಿಗೋ, ಹಿಡಿದ ಕೋನಕ್ಕೋ.

ಹನ್ನೊಂದು ಗಂಟೆಗೆ ಇಂಡಿಯಿಂದ ಅನೀಲಕುಮಾರ ಬರುವವರಿದ್ದರು. ವಾಚನಾಲಯ ನಡೆಸುವ ಸಂಘದ ಕಾರ್ಯದರ್ಶಿ ಅವರು. ಮುಖ್ಯ ಕಚೇರಿ ಇಂಡಿಯಲ್ಲಿ, ಸಿಂದಗಿಯ ಈ ವಾಚನಾಲಯದಂಥವೇ ಇನ್ನೆರಡು ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ. ಯಶೋಧಾಳದು ವರ್ಷ ವರ್ಷಕ್ಕೂ ಮುಂದುವರಿಸುವ ಕೆಲಸ. ಹೋದ ತಿಂಗಳ ಸಭೆಯಲ್ಲಿ ಅವಳ ಹೆಸರು ಬಂದಾಗ ನಿರ್ದೇಶಕರೊಬ್ಬರು ತಕರಾರು ತೆಗೆದಿದ್ದರು. “ಮಷೀನ್ ನಡದಾಗ ಆಕಿ ಮಾಡ್ತಾಳ, ಖರೇ. ಬಂದ್ ಬಿದ್ದಾಗ?” ಎಂದು ಕೇಳಿದ್ದರಂತೆ. ಮುತ್ತುರಾಜ ಆ ಮಾತನ್ನು ಇದ್ದದ್ದು ಇದ್ದಂತೆ ಬಂದು ಹೇಳಿದ್ದ. ಹಾಗಾಗಿ ಈ ಪರೀಕ್ಷೆ. ಎದುರಿಗೆ ಕೂತು ನಲವತ್ತು ನಿಮಿಷ ಕೆಲಸ ನೋಡುವುದು, ಆಮೇಲೆ ವರದಿ.

ಮುತ್ತುರಾಜ ಬೆಳಗಿನ ಬಸ್ಸಿಗೇ ಮುದ್ದೇಬಿಹಾಳಕ್ಕೆ ಹೋಗಿದ್ದ. ಅಲ್ಲಿನ ಪುಸ್ತಕ ಎಣಿಕೆ ಈವತ್ತೇ ಬಿದ್ದಿತ್ತು. ಯಶೋಧಾ ಫೋನು ಹಚ್ಚಿದಳು.

“ಬಾಗೇವಾಡಿ ಸ್ಟ್ಯಾಂಡಿನ್ಯಾಗ ಅದೇನಿ, ಜೋರ್ ಮಾತಾಡು. ಏನಾತು?”

“ಮಷೀನ್ ಚಾಲೂ ಐತ್ರಿ ಸರ. ದನಿ ಇಲ್ಲ.”

“ರಜಾಕ್ಕ ಮೊದಲ ಅಪ್‌ಡೇಟ್ ಹಚ್ಚಬ್ಯಾಡ ಅಂದಿದ್ದೆ. ಹಚ್ಚಿದಿಲ್ಲೋ?”

ಹಚ್ಚಿದ್ದಳು. ದಸರೆಯ ರಜೆಗೆ ಹೋಗುವ ಹಿಂದಿನ ಸಂಜೆ, ಎರಡು ತಿಂಗಳಿಂದ ಬಾಕಿ ಬಿದ್ದಿದ್ದ ಹೊಸ ಭಾಗಗಳನ್ನೆಲ್ಲ ಇಳಿಸಿದ್ದಳು. ಆಮೇಲೆ ಮತ್ತೆ ಹಚ್ಚಿ, ದನಿ ಕೇಳಿಯೇ ಬಂದ್ ಮಾಡಿದ್ದಳು. ಈಗ ಅದೂ ಖಾತ್ರಿಯಿಲ್ಲ ಅನಿಸತೊಡಗಿತು.

“ಹಚ್ಚೇನ್ರಿ.”

“ನಬಿಲಾಲಗ ಹೇಳು. ನಾ ಇಲ್ಲಿಂದ ಏನ್ ಮಾಡ್ಲಿ? ಬಸ್ ಬಿಡಾಕತ್ತೈತಿ.”

ನಬಿಲಾಲನದು ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ದುರಸ್ತಿ ಅಂಗಡಿ. ಅವನು ಪೂರ್ತಿ ಕೇಳಲೂ ಇಲ್ಲ.

“ಹನ್ನೆರಡಕ್ಕ ಬರ್ತೇನ್ರಿ ಮೇಡಂ. ಫಾರ್ಮ್ಯಾಟ್ ಹೊಡದ ಬಿಡೂಣು.”

“ಫಾರ್ಮ್ಯಾಟ್ ಬ್ಯಾಡ್ರಿ. ನನ್ನ ಸೆಟ್ಟಿಂಗ್ ಎಲ್ಲಾ ಅದರಾಗ ಅದಾವ. ದನಿ ಅಷ್ಟ ಹೋಗೈತಿ.”

“ನೀವು ಆ ಲಿನಕ್ಸ್ ಇಟ್ಕೊಂಡು ಕುಂತೀರಿ ನೋಡ್ರಿ. ಊರಾಗ ಎಲ್ಲಾರದೂ ಒಂದ ದಾರಿ, ನಿಮ್ಮ ವಾಚನಾಲಯದ್ದ ಒಂದ ದಾರಿ. ಅದಕ್ಕ ಮದ್ದು ನನ್ನ ಕಡೆ ಇಲ್ಲ. ತಗದ ಒಗದು ಹೊಸಾದು ಹಾಕೋದ ಮದ್ದು.”

ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ, ತೆರೆದಿಟ್ಟ ತಂತ್ರಾಂಶ ಅದು. ಓದಿ ಹೇಳುವ ದನಿ ಅದರ ಜೊತೆಗೇ ಬಂದಿತ್ತು. ಕಲಬುರ್ಗಿಯಲ್ಲಿ ಆರು ತಿಂಗಳು ತರಬೇತಿ ಪಡೆದಾಗ ಯಶೋಧಾ ಅದರ ಆಜ್ಞೆಗಳನ್ನು ವಚನ ಬಾಯಿಪಾಠ ಮಾಡಿದ ಹಾಗೆ ಮಾಡಿದ್ದಳು. ಯಾವ ಪಟ್ಟಿಯಲ್ಲಿ ಎಷ್ಟನೇ ಸಾಲಿನಲ್ಲಿ ಏನಿದೆ ಎಂಬುದು ಅವಳ ಬೆರಳಿಗೆ ಗೊತ್ತು. ಆದರೆ ಒತ್ತಿದ ಮೇಲೆ ಅತ್ತ ಏನಾಯಿತು ಎಂದು ಹೇಳುವವರು ಬೇಕು. ಅದನ್ನು ಹೇಳುತ್ತಿದ್ದದ್ದೇ ಆ ದನಿ.

“ಬರೂದ ಬ್ಯಾಡ್ರಿ,” ಎಂದು ಫೋನು ಇಟ್ಟಳು. ಒಂಬತ್ತು ಐವತ್ತು.

ಹಿತ್ತಲ ನಳದ ಕೆಳಗೆ ಬಕೀಟು ಉರುಳಿದ ಸದ್ದಾಯಿತು. ಕಸ ಹೊಡೆಯುವ ಸಾವಿತ್ರವ್ವ ಇನ್ನೂ ಹೋಗಿರಲಿಲ್ಲ. ಆರೂವರೆಗೆ ಬಂದು ಒಂಬತ್ತಕ್ಕೆ ಮುಗಿಸಿ ಹೋಗುವವಳು, ಐದು ದಿನ ಮುಚ್ಚಿದ್ದ ಕಟ್ಟಡದ ಧೂಳು ತೆಗೆಯುವುದರಲ್ಲಿ ಈವತ್ತು ತಡವಾಗಿತ್ತು. ರಜೆ ಮುಗಿದ ಮೊದಲ ದಿನ, ಓದುವವರು ಯಾರೂ ಇನ್ನೂ ಬಂದಿರಲಿಲ್ಲ.

“ದೊಡ್ಡವ್ವ, ಹ್ವಾದೇನು?”

“ಇಲ್ಲವಾ, ಬಕೀಟ ತೊಳಿಯಾಕತ್ತೇನಿ. ಯಾಕ?”

“ಇಲ್ಲಿ ಬಾ. ಟಿವಿ ಮುಂದ ನಿಂದ್ರು.”

ಒದ್ದೆ ಕಾಲಿನ ಸಪ್ಪಳ ಹತ್ತಿರ ಬಂತು, ಫಿನಾಯಿಲಿನ ವಾಸನೆಯೂ ಬಂತು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಸಾವಿತ್ರವ್ವ ಅಂದಳು: “ನಿನ್ನ ಮಾಸ್ತರ ಇವತ್ತ ಬಾಯಿ ಬಿಡವಲ್ಲ?”

ಕಂಪ್ಯೂಟರಿನ ದನಿಗೆ ಅವಳು ಇಟ್ಟ ಹೆಸರು ಅದು. ನಿಂತರೆ ಕೂತರೆ ತಪ್ಪು ಹಿಡಿಯುವ ಮಾಸ್ತರ.

“ಬಿಡವಲ್ಲ.”

“ಹಬ್ಬದಾಗ ಹೋಳಿಗಿ ಜಾಸ್ತಿ ಆಗಿರಬೇಕು.”

“ದೊಡ್ಡವ್ವ, ಚಾಷ್ಟಿ ಆಮ್ಯಾಲೆ. ಹನ್ನೊಂದಕ್ಕ ಇಂಡ್ಯಾಗಿಂದ ಸಾಹೇಬ ಬರ್ತಾನ. ಅಷ್ಟರಾಗ ಇದು ಮಾತಾಡಬೇಕು. ಇಲ್ಲಂದ್ರ ನಾಳಿಂದ ನಾ ಮನ್ಯಾಗ. ನಾ ಒತ್ತತೇನಿ. ಟಿವಿ ಮ್ಯಾಲೆ ಏನ್ ಕಾಣ್ತೈತಿ, ಅದನ್ನ ಹೇಳು ಅಷ್ಟ.”

“ನನಗ ಒಂದ ಅಕ್ಷರ ಬರೂದಿಲ್ಲಲ್ಲ ತಂಗಿ. ಹೆಬ್ಬಟ್ಟ ನಾ.”

“ಅಕ್ಷರ ಓದಬ್ಯಾಡ. ಕಂಡದ್ದ ಹೇಳು.”

ಸಾವಿತ್ರವ್ವ ಕುರ್ಚಿ ಎಳೆದು ಕೂತ ಸದ್ದಾಯಿತು. ಆ ಕೋಣೆಯ ಕುರ್ಚಿಗಳನ್ನು ದಿನವೂ ಒರೆಸುತ್ತಿದ್ದವಳು; ಕೂತದ್ದು ಯಶೋಧಾ ಕೇಳಿದ್ದು ಅದೇ ಮೊದಲು.

ಯಶೋಧಾ ಮೂರು ಕೀಲಿ ಒಟ್ಟಿಗೆ ಒತ್ತಿದಳು. “ಏನ್ ಬಂತು?”

“ಕರೇ ಹಲಗಿ ಬಂತು. ಸಾಲ್ಯಾಗ ಇರ್ತೈತಲ್ಲ, ಅಂಥಾದ್ದು.”

“ಹಲಗಿ ಮ್ಯಾಲೆ ಏನರ ಮಿಣುಕತೈತೇನು?”

“ಮಿಣುಕತೈತಿ. ಬೆಳ್ಳಾನ ಇಟ್ಟಂಗಿ. ಬರ್ತೈತಿ, ಹೋಗ್ತೈತಿ.”

ಅದು ಆಜ್ಞೆಗೆ ಕಾಯುವ ಗುರುತು; ಸರಿಯಾದ ಜಾಗಕ್ಕೇ ಬಂದಿದ್ದಳು. ಶಬ್ದದ ಮಟ್ಟ ತೋರಿಸುವ ಆಜ್ಞೆಯನ್ನು ಒಂದೊಂದೇ ಅಕ್ಷರ ಎಣಿಸುತ್ತ ಹೊಡೆದಳು. “ಈಗ?”

“ಏನೇನೋ ಸಣ್ಣ ಸಣ್ಣ ಅದಾವ. ಕಣ್ಣಿಗಿ ಹತ್ತವಲ್ವು. ಚಾಳೀಸ ಮನ್ಯಾಗ ಉಳೀತು.”

ಅಕ್ಷರ ದೊಡ್ಡದು ಮಾಡುವ ಕೀಲಿಯನ್ನು ಆರು ಸಲ ಒತ್ತಿದಳು.

“ಹಾಂ, ಈಗ ಬಂತು. ಕಂಬ ಅದಾವ. ಉದ್ದನ್ನ ಕಂಬ. ನಾಕು. ತಳದಾಗ ಹಸರು, ಮ್ಯಾಲೆ ಬೆಳ್ಳಗ, ತುದಿಗಿ ಕೆಂಪು. ಛೊಲೊ ಕಾಣ್ತಾವ.”

“ಕಂಬದ ಬುಡಕ ಸಣ್ಣ ಡಬ್ಬಿ ಅದಾವೇನು?”

“ಅದಾವ. ಮೂರಕ್ಕ ಅದಾವ, ಒಂದಕ್ಕಿಲ್ಲ.”

“ಮೂರನೇದಕ್ಕ ಇಲ್ಲ, ಹೌದಿಲ್ಲೋ?”

“ಹೌದ. ನಿನಗ್ಹೆಂಗ ಗೊತ್ತಾತು?”

“ಅದಕ್ಕ ಇರೂದಿಲ್ಲ. ಮೊದಲನೇ ಡಬ್ಬ್ಯಾಗ ಏನೈತಿ?”

“ಎರಡು ಸೊನ್ನಿ.”

“ಎರಡನೇದ್ರಾಗ?”

“ಅದರಾಗೂ ಎರಡು ಸೊನ್ನಿ.”

“ಕಡೀದ್ರಾಗ?”

ಸಾವಿತ್ರವ್ವ ಬಹಳ ಹೊತ್ತು ನೋಡಿದಳು. ಪರದೆಗೆ ಮೂಗು ತಾಗುವಷ್ಟು ಬಾಗಿದ್ದಳೆಂದು ಅವಳ ಉಸಿರಿನಿಂದ ತಿಳಿಯುತ್ತಿತ್ತು.

“ಅದು ಸೊನ್ನಿ ಅಲ್ಲ ತಂಗಿ. ಜೋಡಿ ಗುಡ್ಡ ಇದ್ದಂಗ ಐತಿ. ಬಾಜೂಕ ಮತ್ತೊಂದು ಜೋಡಿ ಗುಡ್ಡ.”

ಇಂಗ್ಲಿಷಿನ ಎಂ ಅಕ್ಷರ. ಎರಡು ಸೊನ್ನೆ ಇದ್ದರೆ ದಾರಿ ತೆರೆದಿದೆ ಎಂದು, ಎರಡು ಎಂ ಇದ್ದರೆ ಮುಚ್ಚಿದೆ ಎಂದು ಅರ್ಥ. ನಾಲ್ಕನೇ ಕಂಬ ಹಿಂದುಗಡೆಯ ಸ್ಪೀಕರಿಗೆ ಹೋಗುವ ದಾರಿ. ಯಶೋಧಾಳ ಎದೆ ಹಗುರಾಯಿತು. ಬಾಣದ ಕೀಲಿಯನ್ನು ಮೂರು ಸಲ ಬಲಕ್ಕೊತ್ತಿ, ಎಂ ಒತ್ತಿದಳು.

“ಗುಡ್ಡ ಹ್ವಾದು. ಸೊನ್ನಿ ಬಂದ್ವು,” ಎಂದಳು ಸಾವಿತ್ರವ್ವ. ತಾನೇ ಗುಡ್ಡ ಸರಿಸಿದವಳಂತೆ ಅವಳ ದನಿಯಲ್ಲಿ ಹೆಮ್ಮೆಯಿತ್ತು.

ಯಶೋಧಾ ಓದುವ ದನಿಯನ್ನು ಬಂದ್ ಮಾಡಿ ಮತ್ತೆ ಹಚ್ಚಿದಳು. ಏನೂ ಇಲ್ಲ. ಇನ್ನೊಮ್ಮೆ ಮಾಡಿದಳು.

“ಬಾಯಿ ಬಿಟ್ಟನೇನು?”

“ಇಲ್ಲ.”

ಹತ್ತು ಹದಿನೈದು. ಯಶೋಧಾ ಕೈ ಮಡಿಲಲ್ಲಿಟ್ಟುಕೊಂಡು ಯೋಚಿಸಿದಳು. ಅಪ್‌ಡೇಟಿನಿಂದ ಕೆಟ್ಟಿದ್ದರೆ ನಾಲ್ಕೂ ಕಂಬ ಹೀಗೆ ನೆಟ್ಟಗೆ ಬರುತ್ತಿರಲಿಲ್ಲ. ಯಂತ್ರ ಶಬ್ದ ಮಾಡುತ್ತಿದೆ, ಆದರೆ ಸ್ಪೀಕರಿಗೆ ಕಳಿಸುತ್ತಿಲ್ಲ. ಎರಡನೇ ಕಂಬ ಹೆಡ್‌ಫೋನಿನದು, ಅದು ತೆರೆದಿತ್ತು. ನಾಲ್ಕನೆಯದು ಮುಚ್ಚಿತ್ತು, ತೆರೆದರೂ ಕೆಲಸವಾಗಲಿಲ್ಲ. ಯಾರಾದರೂ ಹೆಡ್‌ಫೋನ್ ಸಿಕ್ಕಿಸಿದರೆ ಯಂತ್ರ ತಾನಾಗಿ ಸ್ಪೀಕರಿನ ಬಾಯಿ ಮುಚ್ಚುತ್ತದೆ. ಈಗಲೂ ಹಾಗೇ ಮಾಡುತ್ತಿದೆ. ಅಂದರೆ ಯಂತ್ರದ ಲೆಕ್ಕದಲ್ಲಿ ಯಾರೋ ಹೆಡ್‌ಫೋನ್ ಹಾಕಿ ಕೂತಿದ್ದಾರೆ.

ಅವಳು ಕೆಳಗೆ ಬಾಗಿ ಡಬ್ಬಿಯ ಮುಂಬದಿ ತಡವಿದಳು. ಗುಂಡಿಯಿಂದ ನಾಲ್ಕು ಬೆರಳು ಕೆಳಗೆ ಎರಡು ಸಣ್ಣ ತೂತು, ಒಂದರ ಕೆಳಗೊಂದು. ಮೇಲಿನದು ಮೈಕಿಗೆ, ಉಗುರು ಒಳಗೆ ಇಳಿಯಿತು. ಕೆಳಗಿನದರಲ್ಲಿ ಉಗುರು ತಡೆಯಿತು. ಒಳಗೆ ಗಟ್ಟಿಯಾದದ್ದು, ಸಿಬರು ಸಿಬರಾದದ್ದು ಏನೋ ಇತ್ತು. ಬೆರಳನ್ನು ಮೂಗಿಗೆ ಹಿಡಿದಳು.

ಮಲ್ಲಿಗೆಯ ಊದಿನಕಡ್ಡಿ.

“ದೊಡ್ಡವ್ವ,” ಎಂದಳು ಅಲ್ಲೇ ಬಾಗಿದಂತೆಯೇ. “ಹಬ್ಬದಾಗ ಈ ಡಬ್ಬಿಗಿ ಪೂಜಿ ಯಾರ ಮಾಡ್ಯಾರ?”

ಬಳೆ ಮೊಣಕೈ ಕಡೆ ಸರಿದ ಸದ್ದು ಮಾತ್ರ ಬಂತು.

“ಮುತ್ತುರಾಜ ಸರಾ ಮಾಡ್ಯಾರೇನು?”

“ಅವ ಎಲ್ಲಿ ಮಾಡ್ತಾನ,” ಎಂದಳು ಸಾವಿತ್ರವ್ವ ಕೊನೆಗೆ. “ದಸರಾದ ಖಂಡೇ ಪೂಜಿ ದಿನ ಬಾಗಲಾ ತಗದು ಕಪಾಟಿಗಿ ಮಾಡಿದ, ತನ್ನ ಗಾಡಿಗಿ ಮಾಡಿದ, ಗ್ವಾಡಿ ಗಡಿಯಾರಕ್ಕ ಸುದ್ದಾ ಕುಂಕಮ ಹಚ್ಚಿದ. ನನ್ನ ಕಸಬರಗಿಗೂ ಹೂವಾ ಬಿತ್ತು. ಇದರ ಮ್ಯಾಲೆ ಅಷ್ಟ ಅರಬಿ ಹೊಚ್ಚಿ ಹ್ವಾದ. ಕುಂಕಮ ಒಳಗ ಹೋಗ್ತೈತಿ ಅಂದ. ಅದಕ್ಕ ನಾ ಕುಂಕಮ ಹಚ್ಚಲಿಲ್ಲ. ಎಲ್ಲಾರೂ ಹ್ವಾದ ಮ್ಯಾಲೆ ಕಡ್ಡಿ ಅಷ್ಟ ಹಚ್ಚಿದೆ. ಚುಚ್ಚಾಕ ಬಾಳಿಹಣ್ಣ ಇರಲಿಲ್ಲ. ಅಲ್ಲಿ ತೂತ ಬರೋಬ್ಬರಿ ಇತ್ತು.”

“ಎಷ್ಟ ಕಡ್ಡಿ?”

“ಮೂರು. ಎರಡು ಹಚ್ಚಿದ್ರ ವಾಲಾಕತ್ತಿದ್ವು.”

“ತಗಿಯೂ ಮುಂದ?”

“ಮುರದ್ವು. ಒಳಗ ಉಳದದ್ದು ನನಗ ಗೊತ್ತಾಗಲಿಲ್ಲವಾ.”

ಯಶೋಧಾ ನೆಟ್ಟಗೆ ಕೂತಳು. ತನ್ನ ಅಪ್‌ಡೇಟಿನ ತಪ್ಪಲ್ಲ ಎಂಬುದು ಮೊದಲು ಹೊಳೆಯಿತು. ಅದರ ಹಿಂದೆಯೇ ಸಿಟ್ಟು ಬಂತು.

“ನಿನಗ ಯಾರ ಹೇಳಿದ್ರು ಇದನ್ನ ಮುಟ್ಟು ಅಂತ?”

“ಯಾರೂ ಹೇಳಲಿಲ್ಲ.” ಸಾವಿತ್ರವ್ವನ ದನಿ ಸಣ್ಣದಾಗಿತ್ತು. “ಎಲ್ಲಾದಕ್ಕೂ ಆತು. ನೀ ಉಣ್ಣೂದು ಇದರ ಮ್ಯಾಲೆ, ಇದೊಂದಕ್ಕ ಆಗಲಿಲ್ಲ ಅಂತ ನನ್ನ ಜೀವ ತಡೀಲಿಲ್ಲ.”

ಹೊರಗೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹೋಯಿತು.

“ಪಿನ್ನ ಐತೇನು?” ಎಂದಳು ಯಶೋಧಾ.

“ಬಳ್ಯಾಗ ಅದಾವ. ಸಣ್ಣದ ಬೇಕೋ, ದೊಡ್ಡದ?”

“ಎರಡೂ ಕೊಡು. ನನ್ನ ಫೋನಿನ ಬ್ಯಾಟರಿ ಹಚ್ಚಿ ತೂತಿಗಿ ಹಿಡಿ.”

ಯಂತ್ರವನ್ನು ಬಂದ್ ಮಾಡಿದಳು. ಲೋಹದ ಪಿನ್ನು ಚುಚ್ಚುವಾಗ ಕರೆಂಟು ಇರಬಾರದು. ಇಬ್ಬರೂ ಫರಸಿಯ ಮೇಲೆ ಕೂತರು. ಸಾವಿತ್ರವ್ವ ಬೆಳಕು ಹಿಡಿದು “ಎಡಕ್ಕ... ಸ್ವಲ್ಪ ಮ್ಯಾಲೆ... ಹಾಂ, ಅದಕ್ಕ ಚುಚ್ಚು” ಎನ್ನುತ್ತಿದ್ದಳು. ಒಂದು ತುಣುಕು ಪಿನ್ನಿನ ಮೊನೆಗೆ ಸಿಕ್ಕು ಬಂತು. ಎರಡನೆಯದು ಸಡಿಲಾಗಿ ತಾನೇ ಉದುರಿತು. ಮೂರನೆಯದು ಚುಚ್ಚಿದಷ್ಟೂ ಒಳಗೆ ಸರಿಯಿತು.

ಬಾಗಿಲಲ್ಲಿ ಬೂಟಿನ ಸದ್ದಾಯಿತು. ಒಂದು ಹೆಜ್ಜೆ ಒಳಗಿಟ್ಟು ನಿಂತಿತು.

“ನಮಸ್ಕಾರ. ಯಶೋಧಾ ಅನ್ನೋರು ಯಾರ್ರಿ? ನಾನು ಅನೀಲಕುಮಾರ. ಆಲಮೇಲದಾಗ ಬಸ್ ನಿಂದ್ರಲಿಲ್ಲ, ಇಪ್ಪತ್ತು ನಿಮಿಷ ಮೊದಲ ಬಂದೆ.”

ಸಾವಿತ್ರವ್ವ ಎದ್ದು ನಿಲ್ಲಲು ಹೋದಳು. ಬೆಳಕು ಅಲುಗಿತೆಂದು ಅವಳ ಬಳೆಯಿಂದಲೇ ತಿಳಿಯಿತು. ಯಶೋಧಾ ಅವಳ ಮೊಣಕೈ ಹಿಡಿದು ಕೂರಿಸಿದಳು.

“ನಮಸ್ಕಾರ್ರಿ ಸರ, ನಾನ ಯಶೋಧಾ. ಕೂಡ್ರಿ. ಮಷೀನ್ ಬಂದ್ ಬಿದ್ದೈತ್ರಿ. ದುರಸ್ತಿ ಮಾಡಾಕತ್ತೇವಿ.”

ಇದನ್ನು ಬೇರೆ ರೀತಿ ಹೇಳಲು ಅವಳಿಗೆ ತೋಚಲಿಲ್ಲ. ಸಭೆಯಲ್ಲಿ ಕೇಳಿದ್ದ ಪ್ರಶ್ನೆಯೇ ಈಗ ಬೂಟು ಹಾಕಿಕೊಂಡು ಎದುರಿಗೆ ಬಂದು ನಿಂತಿತ್ತು. ಕುರ್ಚಿ ಸರಿಯಿತು, ಚೀಲದ ಜಿಪ್ಪು ತೆರೆಯಿತು, ಕಾಗದ ಹೊರಬಂತು.

ಮೂರನೇ ತುಣುಕಿಗೆ ಯಶೋಧಾ ದೊಡ್ಡ ಪಿನ್ನು ಬಿಟ್ಟು ಸಣ್ಣದನ್ನು ತೆಗೆದುಕೊಂಡಳು.

“ಪಕ್ಕದಾಗ ಸಂದ ಐತೇನು ದೊಡ್ಡವ್ವ?”

“ಬಲಕ್ಕ ಕೂದಲೆಳಿ ಅಷ್ಟ.”

ಆ ಸಂದಿಯಲ್ಲಿ ಪಿನ್ನು ಇಳಿಸಿ, ಬಿದಿರಿನ ತುಣುಕನ್ನು ಗೋಡೆಗೆ ಒತ್ತಿ ಹಿಡಿದು, ಮೆಲ್ಲಗೆ ಹೊರಗೆ ಎಳೆದಳು. ಅರ್ಧ ಬಂದು ನಿಂತಿತು. ಸಾವಿತ್ರವ್ವ ಉಗುರಿನಿಂದ ಉಳಿದದ್ದನ್ನು ಕಿತ್ತಳು.

ಹತ್ತು ಐವತ್ತೆರಡಕ್ಕೆ ಯಶೋಧಾ ಮತ್ತೆ ಗುಂಡಿ ಒತ್ತಿದಳು. ಮನಸ್ಸಿನಲ್ಲಿ ಎಣಿಸತೊಡಗಿದಳು. ಫ್ಯಾನು ತಿರುಗಿತು. ಐವತ್ತಕ್ಕೆ ಸಾವಿತ್ರವ್ವ “ಬೆಳಕ ಬಂತು” ಎಂದಳು. ಅರವತ್ತು. ಎಪ್ಪತ್ತು. ಎಪ್ಪತ್ತೊಂದು ಎಂದುಕೊಳ್ಳುವಾಗ ಮೂಗು ಕಟ್ಟಿದ ದನಿ “ಸ್ಕ್ರೀನ್ ರೀಡರ್ ಆನ್” ಎಂದಿತು.

ಸಾವಿತ್ರವ್ವ ಗೋಡೆಗೆ ಒರಗಿದಳು. ಯಶೋಧಾ ಕೈ ಒರೆಸಿಕೊಂಡು ಕುರ್ಚಿಗೆ ಬಂದಳು.

ಪರೀಕ್ಷೆಯಲ್ಲಿ ಆರು ಕೆಲಸಗಳಿದ್ದವು. ಅನೀಲಕುಮಾರ ಹೇಳಿದ ಪತ್ರ ಟೈಪು ಮಾಡುವುದು, ಐದು ಹೊಸ ಪುಸ್ತಕ ಸೇರಿಸುವುದು, ಕೇಳಿದ ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ಹೇಳುವುದು, ಇಂಥವು. ದನಿ ಅವಳಿಗೆ ರೂಢಿಯಾದ ವೇಗದಲ್ಲಿ ಓಡುತ್ತಿತ್ತು. ಬೇರೆಯವರಿಗೆ ಅದು ಬರೀ ಗೊರಗೊರ. ಮೂರನೆಯ ಕೆಲಸದ ಹೊತ್ತಿಗೆ ಅನೀಲಕುಮಾರ, “ಇದು ಏನ್ ಅನ್ನಾಕತ್ತೈತಿ, ನಿಮಗ ತಿಳೀತೈತೇನ್ರಿ?” ಎಂದು ಕೇಳಿದರು. ಅವಳು ವೇಗ ಇಳಿಸಿ ಒಂದು ಸಾಲು ಕೇಳಿಸಿ, ಮತ್ತೆ ಏರಿಸಿದಳು. ನಲವತ್ತು ನಿಮಿಷದ ಕೆಲಸ ಇಪ್ಪತ್ತಾರು ನಿಮಿಷಕ್ಕೆ ಮುಗಿಯಿತು.

ಪೆನ್ನಿನ ಸದ್ದು ಆರು ಸಲ ಬಂತು. ಏಳನೆಯದಕ್ಕೆ ನಿಂತಿತು.

“ಮಷೀನಿಗಿ ಏನಾಗಿತ್ತು?”

“ಹೆಡ್‌ಫೋನ್ ತೂತಿನಾಗ ಕಸ ಸಿಕ್ಕಿತ್ರಿ ಸರ,” ಎಂದಳು ಯಶೋಧಾ.

“ಕಸ ಅಲ್ರಿ ಸಾಹೇಬ್ರ,” ಎಂದಳು ಸಾವಿತ್ರವ್ವ ಗೋಡೆಯ ಕಡೆಯಿಂದ. “ನಾ ಹೊಡೂ ಜಾಗಾದಾಗ ಕಸ ಎಲ್ಲಿಂದ ಬರ್ತೈತಿ? ಅದು ಊದಿನಕಡ್ಡಿ. ಖಂಡೇ ಪೂಜಿಗಿ ನಾನ ಚುಚ್ಚೇನಿ. ಆಕೀದೇನೂ ತಪ್ಪಿಲ್ರಿ.”

ಅನೀಲಕುಮಾರ ಹಾಳೆ ಸರಿಸಿದರು. ನಕ್ಕರೋ ಇಲ್ಲವೋ ಯಶೋಧಾಳಿಗೆ ತಿಳಿಯಲಿಲ್ಲ.

“ಏಳನೇ ಕಾಲಂ ಹಿಂಗೈತಿ,” ಎಂದು ಓದಿದರು. “‘ಕೆಲಸದಲ್ಲಿ ಪರರ ನೆರವು ಬೇಕಾಯಿತೇ? ಹೌದು, ಇಲ್ಲ.’ ಪರೀಕ್ಷಾ ಸುರು ಆದ ಮ್ಯಾಲೆ ನೀವು ಯಾರನ್ನೂ ಕೇಳಿಲ್ಲ. ದುರಸ್ತಿ ಅದಕ್ಕ ಮೊದಲಿಂದು. ನಾ ‘ಇಲ್ಲ’ ಅಂತ ಬರದ್ರ ನಡೀತೈತಿ.”

‘ಇಲ್ಲ’ ಎಂದರೆ ಸಭೆಯವರ ಬಾಯಿ ಮುಚ್ಚುತ್ತಿತ್ತು. ಯಶೋಧಾ ಸ್ಪೀಕರಿನ ತಿರುಗಣಿ ಹಿಡಿದುಕೊಂಡೇ ಕೂತಿದ್ದಳು.

“ಹೌದು ಅಂತ ಬರೀರಿ ಸರ.”

“ವಿಚಾರ ಮಾಡ್ರಿ. ತಕರಾರು ಇರೂದ ಇದರ ಮ್ಯಾಲೆ.”

“ಅದಕ್ಕ ಹೇಳೇನಿ. ಇವತ್ತ ಇಲ್ಲ ಅಂತ ಬರದ್ರ, ನಾಳಿ ಮತ್ತ ಬಂದ್ ಬಿದ್ದ ದಿನ ನಾ ಸುಳ್ಳ ಹೇಳಿದಾಕಿ ಆಗ್ತೇನಿ. ಏನ್ ಕೆಟ್ಟೈತಿ ಅನ್ನೂದು ನಾ ಹುಡಕೇನಿ. ನೋಡಿ ಹೇಳಾಕ ಒಬ್ರು ಬೇಕಾಗಿತ್ತು, ದೊಡ್ಡವ್ವ ಹೇಳ್ಯಾಳ. ಕಣ್ಣಿದ್ದವರ ಮಷೀನ್ ಕೆಟ್ರ ಅವರು ಯಾರನ್ನೂ ಕರಿಯೂದಿಲ್ಲೇನ್ರಿ?”

ಪೆನ್ನು ಕಾಗದದ ಮೇಲೆ ಇಳಿಯಲಿಲ್ಲ. ಅನೀಲಕುಮಾರ ಕುರ್ಚಿಯನ್ನು ಸಾವಿತ್ರವ್ವನ ಕಡೆ ತಿರುಗಿಸಿದರು.

“ನಿಮಗ ಇಂಗ್ಲಿಷ್ ಬರ್ತೈತೇನ್ರಿ?”

“ನನಗ್ರಿ? ಕನ್ನಡನ ಬರೂದಿಲ್ರಿ,” ಎಂದಳು ಸಾವಿತ್ರವ್ವ.

“ಮತ್ತ ಟಿವಿ ಮ್ಯಾಲಿಂದು ಹೆಂಗ ಓದಿದ್ರಿ?”

“ಓದಲಿಲ್ರಿ, ನೋಡಿದೆ. ಸೊನ್ನಿ ಸಂತಿಗಿ ಹೋಗೂ ಎಲ್ಲಾರಿಗೂ ಗೊತ್ತಿರ್ತೈತಿ. ಗೊತ್ತಿಲ್ಲದ್ದಕ್ಕ ಗುಡ್ಡ ಅಂದೆ. ಆಕಿಗಿ ತಿಳೀತು.”

“ಸುರುದಿಂದ ಹೇಳ್ರಿ,” ಎಂದರು ಅನೀಲಕುಮಾರ.

ಸಾವಿತ್ರವ್ವ ಹೇಳಿದಳು. ಕರೇ ಹಲಗೆ, ಇಟ್ಟಂಗಿ, ನಾಲ್ಕು ಕಂಬ, ಡಬ್ಬಿ ಇಲ್ಲದ ಮೂರನೆಯದು. ನಡುನಡುವೆ ಯಶೋಧಾ ಯಾವುದು ಏನು ಎಂದು ಬಿಡಿಸಿ ಹೇಳಿದಳು. ಪೆನ್ನು ಓಡುತ್ತಿತ್ತು. ಕಾಲಂನಲ್ಲಿ ಜಾಗ ಸಾಲದೆ ಅನೀಲಕುಮಾರ ಹಾಳೆ ತಿರುವಿ ಹಿಂದುಗಡೆ ಬರೆದರು. ಮುಗಿದ ಮೇಲೆ ಯಶೋಧಾಳಿಗೆ ಓದಿ ಹೇಳಿದರು, ಅದು ನಿಯಮ. ‘ನೆರವು: ಹೌದು. ನೆರವು ನೀಡಿದವರು: ಸಾವಿತ್ರವ್ವ, ಸ್ವಚ್ಛತಾ ಕೆಲಸ, ಓದುಬರಹ ಇಲ್ಲ. ದೋಷ ಪತ್ತೆ ಹಚ್ಚಿದವರು: ಯಶೋಧಾ. ಹಿಡಿದ ಸಮಯ: ಒಂದು ಗಂಟೆ ಮೂವತ್ತು ನಿಮಿಷ.’

“ಒಂದು ತಾಸು ಮೂವತ್ಮೂರು ನಿಮಿಷ್ರಿ,” ಎಂದಳು ಯಶೋಧಾ. “ಒಂಬತ್ತು ಇಪ್ಪತ್ತರಿಂದ ಹತ್ತು ಐವತ್ಮೂರು.”

ಅವರು ತಿದ್ದಿದರು.

ಅವರು ಹೋದ ಮೇಲೆ ಸಾವಿತ್ರವ್ವ ಬಕೀಟು ಎತ್ತಿಕೊಳ್ಳುತ್ತ ಅಂದಳು: “ಇಲ್ಲ ಅಂದಿದ್ರ ಮುಗೀತಿತ್ತಲ್ಲವಾ. ಸಾಹೇಬ ತಾನ ದಾರಿ ತೋರಿಸಿದ.”

“ನಾ ಕಸ ಅಂದಿದ್ದೆನಲ್ಲ. ಸುಮ್ಮನಿದ್ದಿದ್ರ ನಿಂದೂ ಮುಗೀತಿತ್ತು.”

“ಸುಮ್ಮನ ಹೆಂಗಿರ್ಲಿ? ಕಸ ಅಂದ್ರ ಹೆಸರು ಯಾರದ್ದು ಕೆಡ್ತೈತಿ?” ಎಂದು ಸಾವಿತ್ರವ್ವ ಬೈಯುತ್ತಲೇ ಹೊರಟಳು.

ಹದಿನೆಂಟು ದಿನ ಏನೂ ಸುದ್ದಿ ಬರಲಿಲ್ಲ. ಯಶೋಧಾ ದಿನವೂ ಬಂದಳು, ಟೈಪು ಮಾಡಿದಳು. ನೂರಾ ಅರವತ್ತು ಪುಸ್ತಕ ಸೇರಿದವು. ನಬಿಲಾಲ ಒಮ್ಮೆ ಪೇಪರ್ ಓದಲು ಬಂದವನು ಮೂಲೆಯಲ್ಲಿ ನಿಂತು ಗೊರಗೊರ ದನಿ ಕೇಳಿ ಹೋದ. ದೀಪಾವಳಿ ಕಳೆದ ಎರಡನೇ ದಿನ ಇಂಡಿಯಿಂದ ಲಕೋಟೆ ಬಂತು. ಮುತ್ತುರಾಜ ನಿಂತುಕೊಂಡೇ ಒಡೆದು ಓದಿದ. ಯಶೋಧಾಳನ್ನು ಒಂದು ವರ್ಷ ಮುಂದುವರಿಸಲಾಗಿದೆ ಎಂಬುದು ಮೊದಲ ಕಲಂ. ಓದಿ ಅವನು ನಿಲ್ಲಿಸಿದ. ಅವಳು ಟೈಪು ಮಾಡುತ್ತಿದ್ದ ಪುಸ್ತಕದ ಹೆಸರು ಅರ್ಧಕ್ಕೆ ನಿಂತಿತ್ತು, ಅದನ್ನು ಪೂರ್ತಿ ಮಾಡಿದಳು.

“ಇನ್ನೊಂದ ಕಲಂ ಐತಿ,” ಎಂದ ಮುತ್ತುರಾಜ. “ಸಾವಿತ್ರವ್ವ, ಇದು ನಿಂದು. ‘ಕಂಪ್ಯೂಟರ್ ವಿಭಾಗಕ್ಕೆ ಅಗತ್ಯಬಿದ್ದಾಗ ನೆರವಾಗಲು ಅನುಕೂಲವಾಗುವಂತೆ, ಸ್ವಚ್ಛತಾ ಕೆಲಸದ ವೇಳೆಯನ್ನು ಬೆಳಗ್ಗೆ ಆರೂವರೆಯ ಬದಲು ಒಂಬತ್ತರಿಂದ ಹನ್ನೊಂದೂವರೆಯವರೆಗೆ ನಿಗದಿಪಡಿಸಿದೆ.’”

“ಒಂಬತ್ತಕ್ಕ?” ಎಂದಳು ಸಾವಿತ್ರವ್ವ. “ಜನಾ ಬಂದ ಕುಂತ ಮ್ಯಾಲೆ ಕಸಾ ಹೊಡೀಬೇಕೇನು? ಶಾಣ್ಯಾ ಅದಾರ ನಿಮ್ಮ ಇಂಡ್ಯಾನವರು.”

ಮರುದಿನ ಅವಳು ಒಂಬತ್ತಕ್ಕೆ ಬಂದು ಕಸ ಹೊಡೆದಳು. ಪೇಪರ್ ಓದಲು ಬಂದಿದ್ದ ಏಳು ಮಂದಿ ಬೆಂಚಿನ ಮೇಲೆ ಕಾಲು ಎತ್ತಿಕೊಂಡು ಕೂತರು.